ಮೊಳೆ, ಗುಂಡು, ಸ್ಪ್ರಿಂಗು: ಮೇಜಿನ ಮೇಲಿನ ಪಿನ್‌ಬಾಲಿನ ಚರಿತ್ರೆ

ಮೊಣಕೈ ಉದ್ದದ ಒಂದು ಹಲಗೆ. ಅದರ ಮೇಲ್ತುದಿ ಕಮಾನಿನಂತೆ ದುಂಡಗಿದೆ. ಹಲಗೆಯ ತುಂಬ ಸಣ್ಣ ಮೊಳೆಗಳು. ಅಲ್ಲಲ್ಲಿ ಮೊಳೆಗಳನ್ನೇ ಅರ್ಧಚಂದ್ರಾಕಾರದಲ್ಲಿ ಹೊಡೆದು ಮಾಡಿದ ಗೂಡುಗಳು, ಪ್ರತಿ ಗೂಡಿಗೂ 10, 50, 100, 500 ಎಂದು ಅಂಕಗಳು. ಬಲ ಅಂಚಿನಲ್ಲೊಂದು ಓಣಿ. ಅದರ ಬುಡದಲ್ಲಿ ಸ್ಪ್ರಿಂಗ್ ಸುತ್ತಿದ ಕಡ್ಡಿ. ಕಡ್ಡಿಯನ್ನು ಹಿಂದಕ್ಕೆಳೆದು ಬಿಟ್ಟರೆ ಉಕ್ಕಿನ ಗುಂಡು ಓಣಿಯಲ್ಲಿ ಮೇಲೇರಿ, ಕಮಾನನ್ನು ಬಳಸಿ, ಮೊಳೆಯಿಂದ ಮೊಳೆಗೆ ಟಣಟಣ ಎಂದು ಬಡಿಯುತ್ತ ಕೆಳಗಿಳಿಯುತ್ತದೆ. 1970-80ರ ದಶಕಗಳಲ್ಲಿ ಬಾಲ್ಯ ಕಳೆದವರಲ್ಲಿ ಅನೇಕರಿಗೆ ಈ ಆಟಿಕೆಯ ನೆನಪಿರಬಹುದು. ಪೆಟ್ಟಿಗೆಯ ಮೇಲೆ 'ಬ್ಯಾಗಟೆಲ್' ಎಂದು ಅಚ್ಚಾಗಿರುತ್ತಿತ್ತಾದರೂ ಮನೆಯಲ್ಲಿ ಅದನ್ನು ಆ ಹೆಸರಿನಿಂದ ಕರೆದವರು ಕಡಿಮೆ. ಅಮೆರಿಕದ ಅಂಗಡಿಗಳಲ್ಲಿ ದೀಪ, ಗಂಟೆಗಳೊಡನೆ ಮೆರೆದ ಪಿನ್‌ಬಾಲ್ ಯಂತ್ರಕ್ಕೆ ಇದೇ ಹಿರಿಯಕ್ಕ.

ಚಿಂತಾಮಣಿ ಮೊದಲಿನಿಂದಲೂ ವ್ಯಾಪಾರದ ಊರು. ಇಲ್ಲಿಯ ಗುಜರಿ ಅಂಗಡಿಗಳಲ್ಲಿ, ಹಳೆಯ ಮನೆಗಳ ಅಟ್ಟಗಳಲ್ಲಿ ಇಂಥ ಹಲಗೆಗಳು ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತವೆ. ಈ ಲೇಖಕನ ಬಳಿ ಇರುವ ಕೆಲವು ಹಲಗೆಗಳು ಬಂದದ್ದೂ ಹಾಗೆಯೇ. ಬೆಲೆ ಹಳೆ ಕಬ್ಬಿಣದ ತೂಕದ ಲೆಕ್ಕದ್ದು. ಇವನ್ನು ಕೂಡಿಡುವುದು ಹಳೆಯ ನಾಣ್ಯ ಅಥವಾ ಅಂಚೆಚೀಟಿ ಕೂಡಿಟ್ಟಂತಲ್ಲ. ನಾಣ್ಯವನ್ನು ನೋಡಬಹುದು, ಅಷ್ಟೆ. ಈ ಹಲಗೆಯನ್ನು ಆಡಬಹುದು, ಅಳೆಯಬಹುದು. ಆಡುವಾಗ ಮಕ್ಕಳ ನಡುವೆ ಜಗಳವೂ ಹುಟ್ಟುತ್ತದೆ. 500ರ ಗೂಡಿಗೆ ಗುಂಡು ಬಿತ್ತೆನ್ನಿ: ಅದು ಕೈಚಳಕವೋ, ಅದೃಷ್ಟವೋ?

ಈ ಪ್ರಶ್ನೆ ಮಕ್ಕಳ ಜಗಳಕ್ಕೆ ಮುಗಿಯಲಿಲ್ಲ. ನ್ಯೂಯಾರ್ಕ್ ನಗರದಲ್ಲಿ ಪಿನ್‌ಬಾಲ್ 34 ವರ್ಷ ನಿಷೇಧದಲ್ಲಿತ್ತು. ಬೆಂಗಳೂರಿನ ನಂಟಿದ್ದ ಎರಡು ಮೊಕದ್ದಮೆಗಳು ಇದೇ ಪ್ರಶ್ನೆಯ ಬೇರೆ ರೂಪಗಳನ್ನು ಹೊತ್ತು ಸುಪ್ರೀಂ ಕೋರ್ಟಿನವರೆಗೆ ಹೋದವು. ಹಾಗಾದರೆ ಮೊಳೆಗೆ ಬಡಿದ ಗುಂಡಿಗೆ ಏನಾಗುತ್ತದೆ? ಮೊದಲು ಇತಿಹಾಸ, ಆಮೇಲೆ ಲೆಕ್ಕ.

ಅರಮನೆಯಿಂದ ಅಂಗಡಿಯ ಕಟ್ಟೆಗೆ

ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ತಮ್ಮ ಆರ್ತ್ವಾದ ಕೌಂಟ್ 1777ರಲ್ಲಿ ಪ್ಯಾರಿಸ್ಸಿನ ಬಳಿ ಒಂದು ವಿಹಾರಗೃಹ ಕಟ್ಟಿಸಿದ. ಅತ್ತಿಗೆ ಮೇರಿ ಆಂಟೊನೆಟ್ಟಳೊಡನೆ ಪಂದ್ಯ ಕಟ್ಟಿ 64 ದಿನಗಳಲ್ಲಿ ಮುಗಿಸಿದ ಕಟ್ಟಡವಿದು. ಅದರ ಹೆಸರು 'ಬಗಾತೆಲ್', ಅಂದರೆ ಕ್ಷುಲ್ಲಕ ವಸ್ತು. ಅಲ್ಲಿ ಅತಿಥಿಗಳು ಆಡಿದ ಮೇಜಿನ ಆಟಕ್ಕೆ ಮನೆಯ ಹೆಸರೇ ಅಂಟಿಕೊಂಡಿತು ಎಂದು ಹೇಳುತ್ತಾರೆ. ಆಗಿನ ಆಟ ಬಿಲಿಯರ್ಡ್ಸಿನ ಕಿರಿದಾದ ರೂಪ. ಕೋಲಿನಿಂದ ಚೆಂಡನ್ನು ತಳ್ಳಿ, ಮೇಜಿನ ಇನ್ನೊಂದು ತುದಿಯ ಕುಳಿಗಳಿಗೆ ಬೀಳಿಸಬೇಕು. ನಡುವೆ ಅಡ್ಡಿಗೆ ಗೂಟಗಳು. ಇಂಗ್ಲೆಂಡಿನಲ್ಲಿ ಇದು ಹೋಟೆಲು, ಮನೆಗಳಿಗೆಲ್ಲ ಹಬ್ಬಿತು. ಚಾರ್ಲ್ಸ್ ಡಿಕನ್ಸ್ 1836-37ರಲ್ಲಿ ಬರೆದ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲೂ ಒಂದು ಹೋಟೆಲಿನ ಮಹಡಿಯಲ್ಲಿ ಬ್ಯಾಗಟೆಲ್ ಹಲಗೆ ಕಾಣಿಸಿಕೊಳ್ಳುತ್ತದೆ.

ಇಂದು ನಮಗೆ ಗೊತ್ತಿರುವ ಆಟಿಕೆಯ ರೂಪ ಬಂದದ್ದು 1871ರಲ್ಲಿ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ಸಿನ್ಸಿನಾಟಿಯಲ್ಲಿ ನೆಲೆಸಿದ್ದ ಮಾಂಟೇಗ್ ರೆಡ್‌ಗ್ರೇವ್ ಆ ವರ್ಷದ ಮೇ 30ರಂದು ಬ್ಯಾಗಟೆಲ್ಲಿನ ಸುಧಾರಣೆಗಾಗಿ ಪೇಟೆಂಟ್ ಪಡೆದ. ಕೋಲನ್ನು ತೆಗೆದು ಅದರ ಜಾಗದಲ್ಲಿ ಸ್ಪ್ರಿಂಗಿನ ಕಡ್ಡಿ ಇಟ್ಟ. ಹಲಗೆಯನ್ನು ಮೇಜಿನ ಮೇಲೆ ಕೂರುವಷ್ಟು ಚಿಕ್ಕದು ಮಾಡಿ ಇಳಿಜಾರು ಕೊಟ್ಟ, ದೊಡ್ಡ ಚೆಂಡಿನ ಬದಲು ಗೋಲಿ ಬಳಸಿದ. ಕೋಲು ಹಿಡಿಯಲು ಬಾರದ ಮಗುವೂ ಆಡಬಹುದಾದ ಆಟ ಹುಟ್ಟಿದ್ದು ಹೀಗೆ. ಒಂದು ಸ್ವಾರಸ್ಯ: ಮರುವರ್ಷವೇ, 1872ರಲ್ಲಿ, ಇಂಗ್ಲೆಂಡಿನ ಹೈರಮ್ ಕಾಡ್ ಗಾಜಿನ ಗೋಲಿಯಿಂದ ಬಾಯಿ ಮುಚ್ಚುವ ಸೀಸೆಗೆ ಪೇಟೆಂಟ್ ಪಡೆದ. ನಮ್ಮ ಸಂತೆ, ಜಾತ್ರೆಗಳ ಗೋಲಿ ಸೋಡಾ ಸೀಸೆ ಅದೇ. ಹಳೆಯ ಹಲಗೆಯೊಡನೆ ಉಕ್ಕಿನ ಗುಂಡಿನ ಬದಲು ಹಸಿರು ಛಾಯೆಯ ಗಾಜಿನ ಗೋಲಿ ಸಿಕ್ಕರೆ, ಮೂಲದ ಗುಂಡು ಕಳೆದು ಸೋಡಾ ಸೀಸೆಯೊಂದು ಬಲಿಯಾಗಿರಬಹುದು ಎಂದು ಊಹಿಸಲು ಅಡ್ಡಿಯಿಲ್ಲ.

ಮುಂದಿನ ಅರವತ್ತು ವರ್ಷ ಇದು ಮನೆಯ ಆಟವಾಗಿಯೇ ಉಳಿಯಿತು. 1931ರಲ್ಲಿ, ಅಮೆರಿಕ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದಾಗ, ಡೇವಿಡ್ ಗಾಟ್ಲೀಬ್ 'ಬ್ಯಾಫಲ್ ಬಾಲ್' ಎಂಬ ಹಲಗೆಯನ್ನು ಮಾರಾಟಕ್ಕೆ ತಂದ. ಯಂತ್ರದ ಬೆಲೆ 17.50 ಡಾಲರ್. ಅಂಗಡಿಯ ಕಟ್ಟೆಯ ಮೇಲೆ ಅದನ್ನು ಕೂರಿಸಿ, ಒಂದು ಸೆಂಟ್ ಹಾಕಿದರೆ ಕೆಲವು ಗುಂಡುಗಳ ಆಟ. ಕೆಲಸವಿಲ್ಲದೆ ಅಲೆಯುತ್ತಿದ್ದವರಿಗೆ ಇಷ್ಟು ಅಗ್ಗದ ಮನರಂಜನೆ ಬೇರೆ ಇರಲಿಲ್ಲ. ಹತ್ತಾರು ಸಾವಿರ ಯಂತ್ರಗಳು ಮಾರಿಹೋದವು. ಬೇಡಿಕೆ ಪೂರೈಸಲು ಗಾಟ್ಲೀಬ್‌ಗೆ ಆಗದಿದ್ದಾಗ ಅವನ ಮಾರಾಟಗಾರರಲ್ಲಿ ಒಬ್ಬನಾದ ರೇಮಂಡ್ ಮೊಲೋನಿ 'ಬ್ಯಾಲಿಹೂ' ಎಂಬ ತನ್ನದೇ ಯಂತ್ರ ತಂದ. 'ಬ್ಯಾಲಿ' ಕಂಪನಿಯ ಹೆಸರು ಬಂದದ್ದು ಅದರಿಂದ. 1933ರಲ್ಲಿ ಯಂತ್ರಕ್ಕೆ ವಿದ್ಯುತ್ ಬಂತು. ಆಟಗಾರರು ಹಲಗೆಯನ್ನೇ ಅಲ್ಲಾಡಿಸಿ ಗುಂಡನ್ನು ತಿರುಗಿಸತೊಡಗಿದಾಗ ಹ್ಯಾರಿ ವಿಲಿಯಮ್ಸ್ ಅದಕ್ಕೆ ಮದ್ದು ಕಂಡುಹಿಡಿದ. ಅವನ 'ಟಿಲ್ಟ್' ಉಪಕರಣದ ಮುಂದಿನ ರೂಪದಲ್ಲಿ ಒಂದು ಪುಟ್ಟ ಲೋಲಕವಿದೆ. ಅಲ್ಲಾಟ ಮಿತಿಮೀರಿದರೆ ಲೋಲಕ ಸುತ್ತಲಿನ ಬಳೆಗೆ ತಾಗುತ್ತದೆ, ಮಂಡಲ ಪೂರ್ಣಗೊಂಡು ಆಟ ನಿಲ್ಲುತ್ತದೆ. ಲೋಲಕದ ಪಾಠಕ್ಕೆ ಇದಕ್ಕಿಂತ ರುಚಿಯಾದ ಉದಾಹರಣೆ ಸಿಗುವುದು ಕಷ್ಟ.

ಇವೆಲ್ಲದರ ಜೊತೆಜೊತೆಗೆ ಮಕ್ಕಳ ಹಲಗೆಯೂ ಬೆಳೆಯಿತು. ಅಮೆರಿಕದಲ್ಲಿ 'ಪೂಷ್-ಎಮ್-ಅಪ್', ಬ್ರಿಟನ್ನಿನಲ್ಲಿ ಚ್ಯಾಡ್ ವ್ಯಾಲಿ ಕಂಪನಿಯ ಹಲಗೆಗಳು ಮತ್ತು 'ಕೊರಿಂಥಿಯನ್' ಬ್ಯಾಗಟೆಲ್, ಲೂಯಿ ಮಾರ್ಕ್ಸ್ ಕಂಪನಿಯ ಬಣ್ಣ ಅಚ್ಚೊತ್ತಿದ ತಗಡಿನ ಆಟಿಕೆಗಳು ಇಂದು ಸಂಗ್ರಾಹಕರು ಹುಡುಕುವ ಹೆಸರುಗಳು. ಜಪಾನಿನಲ್ಲಿ ಕೊರಿಂಥಿಯನ್ ಹಲಗೆ ಎದ್ದು ನಿಂತಿತು. ಜಾಗ ಉಳಿಸಲು ಲಂಬವಾಗಿ ಗೋಡೆಗೆ ನಿಲ್ಲಿಸಿದ ಆ ರೂಪವೇ 'ಪಚಿಂಕೊ'. ಎರಡನೆಯ ಮಹಾಯುದ್ಧದ ನಂತರ ನಗೋಯ ನಗರದಲ್ಲಿ ಅದು ದೊಡ್ಡ ಉದ್ಯಮವಾಯಿತು. ಅಲ್ಲಿಯ ಮಸಾಮುರ ತಕೇಯಿಚಿ ರೂಪಿಸಿದ ಮೊಳೆಗಳ ವಿನ್ಯಾಸ ಆ ಉದ್ಯಮಕ್ಕೆ ಅಡಿಪಾಯ. ಗಮನಿಸಿ: ಹೆಸರಾದದ್ದು ಯಂತ್ರಕ್ಕಲ್ಲ, ಮೊಳೆ ಹೊಡೆಯುವ ಕ್ರಮಕ್ಕೆ.

ಒಂದು ಗುಂಡಿನ ಪ್ರಯಾಣ

ಈಗ ಹಲಗೆಯನ್ನು ಮೇಜಿನ ಮೇಲಿಡೋಣ. ಉದ್ದ 50 ಸೆಂ.ಮೀ. ಇದ್ದು, ಹಿಂದಿನ ಕಾಲುಗಳು ಮೇಲ್ತುದಿಯನ್ನು 3 ಸೆಂ.ಮೀ. ಎತ್ತಿವೆ ಎಂದುಕೊಳ್ಳಿ. ಇಳಿಜಾರು ಸುಮಾರು ಮೂರೂವರೆ ಡಿಗ್ರಿ. ಜಾರದೆ ಉರುಳುವ ಘನಗೋಳದ ವೇಗೋತ್ಕರ್ಷ, ಜಾರುವ ವಸ್ತುವಿನ ವೇಗೋತ್ಕರ್ಷದ ಏಳರಲ್ಲಿ ಐದು ಪಾಲು. ಉಳಿದದ್ದು ಗೋಳವನ್ನು ತಿರುಗಿಸುವುದಕ್ಕೆ ಖರ್ಚು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 0.42 ಮೀಟರ್ ಬರುತ್ತದೆ. ಮೊಳೆಗಳೇ ಇಲ್ಲದಿದ್ದರೆ ಮೇಲ್ತುದಿಯಿಂದ ಬಿಟ್ಟ ಗುಂಡು ಒಂದೂವರೆ ಸೆಕೆಂಡಿನಲ್ಲಿ ಕೆಳಗಿರುತ್ತದೆ. 12 ಮಿ.ಮೀ. ವ್ಯಾಸದ ಉಕ್ಕಿನ ಗುಂಡಿನ ತೂಕ ಸುಮಾರು 7 ಗ್ರಾಂ. ಅದನ್ನು 3 ಸೆಂ.ಮೀ. ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಒಂದು ಜೂಲಿನ ಐನೂರನೆಯ ಒಂದು ಪಾಲು ಮಾತ್ರ. ಸ್ಪ್ರಿಂಗು ಎಷ್ಟು ಮೃದುವಾಗಿದ್ದರೂ ಸಾಕು.

ಆದರೆ ಆ ಮೃದು ಸ್ಪ್ರಿಂಗಿನಲ್ಲೇ ಒಂದು ಕುಟಿಲವಿದೆ. ಅದರಲ್ಲಿ ಸಂಗ್ರಹವಾಗುವ ಶಕ್ತಿ ಎಳೆತದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಎಳೆತ ನೂರಕ್ಕೆ ಹತ್ತು ಹೆಚ್ಚಾದರೆ ಶಕ್ತಿ ನೂರಕ್ಕೆ ಇಪ್ಪತ್ತೊಂದು ಹೆಚ್ಚುತ್ತದೆ. ಕಡ್ಡಿಯನ್ನು 20 ಮಿ.ಮೀ. ಎಳೆಯಬೇಕಾದಲ್ಲಿ 22 ಮಿ.ಮೀ. ಎಳೆದರೆ ಗುಂಡು ಕಮಾನನ್ನು ಸುತ್ತಿ ಎಡ ಅಂಚಿಗೆ ಬಡಿದೀತು. ಹಾಗಾಗಿ ಹಳೆಯ ಆಟಗಾರರು ಕಡ್ಡಿಯ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕಿಕೊಂಡಿರುತ್ತಾರೆ. ಗುಜರಿಯಲ್ಲಿ ಸಿಕ್ಕ ಹಲಗೆಯ ಕಡ್ಡಿಯಲ್ಲಿ ಅಂಥ ಗೀಟು ಕಂಡರೆ ಅಳಿಸಬೇಡಿ. ಯಾರೋ ಒಂದು ಮಗು ಪ್ರಯೋಗ ಮಾಡಿ ದಾಖಲಿಸಿದ ಅಳತೆ ಅದು.

ಗೀಟು ಹಾಕಿ ಅಭ್ಯಾಸ ಮಾಡಿದರೆ ಗುಂಡನ್ನು ಮೊದಲನೆಯ ಮೊಳೆಗೆ ಬೇಕಾದಂತೆ ಬಡಿಸಬಹುದು. ಎರಡನೆಯದಕ್ಕೆ? ಮೂರನೆಯದಕ್ಕೆ? ಒಂದು ಒರಟು ಲೆಕ್ಕ ಮಾಡೋಣ. ಗುಂಡಿನ ತ್ರಿಜ್ಯ 6 ಮಿ.ಮೀ., ಮೊಳೆಯ ತ್ರಿಜ್ಯ 1 ಮಿ.ಮೀ.; ಕೂಡಿದರೆ 7. ಮೊಳೆಯಿಂದ ಮೊಳೆಗೆ ದೂರ 28 ಮಿ.ಮೀ. ಇರಲಿ. ಉಬ್ಬಿದ ಮೇಲ್ಮೈಗೆ ಬಡಿದ ಗುಂಡಿನ ದಾರಿಯಲ್ಲಿದ್ದ ಸಣ್ಣ ವ್ಯತ್ಯಾಸ ಪುಟಿದು ಮುಂದಿನ ಮೊಳೆ ಮುಟ್ಟುವಷ್ಟರಲ್ಲಿ ಹಿಗ್ಗಿರುತ್ತದೆ. ಎಷ್ಟು ಪಟ್ಟು ಎಂದರೆ, ದೂರವನ್ನು ಎರಡರಿಂದ ಗುಣಿಸಿ 7ರಿಂದ ಭಾಗಿಸಿದಷ್ಟು, ಅಂದರೆ ಸುಮಾರು ಎಂಟು ಪಟ್ಟು. ನಿಮ್ಮ ಕೈಯ ತಪ್ಪು ಕೇವಲ ಒಂದು ಕೂದಲಿನ ದಪ್ಪ, 0.07 ಮಿ.ಮೀ. ಎನ್ನಿ. ಮೊದಲ ಮೊಳೆ ದಾಟಿದ ಮೇಲೆ ಅದು ಅರ್ಧ ಮಿ.ಮೀ.ಗೂ ಮಿಕ್ಕು, ಎರಡನೆಯದರ ನಂತರ ನಾಲ್ಕೂವರೆ ಮಿ.ಮೀ. ಮೂರನೆಯದರ ನಂತರ 36 ಮಿ.ಮೀ., ಎಂದರೆ ಮೊಳೆಗಳ ನಡುವಿನ ಅಂತರಕ್ಕಿಂತಲೂ ಹೆಚ್ಚು! ಗುಂಡು ಎಡಕ್ಕೆ ಹೋದೀತೋ ಬಲಕ್ಕೋ ಹೇಳುವಂತೆಯೇ ಇಲ್ಲ. ಇನ್ನೊಂದು ಮೊಳೆಯಾಚೆಗೂ ನಿಮ್ಮ ಹಿಡಿತ ಉಳಿಯಬೇಕಾದರೆ ಕೈ ಎಂಟು ಪಟ್ಟು ನಿಖರವಾಗಬೇಕು, ಎರಡು ಮೊಳೆ ಎಂದರೆ ಅರುವತ್ತನಾಲ್ಕು ಪಟ್ಟು. ಇದು ಯಾವ ಅಭ್ಯಾಸದಿಂದಲೂ ಬರುವುದಲ್ಲ. ನಿಜವಾದ ಹಲಗೆಯಲ್ಲಿ ಘರ್ಷಣೆ, ಗುರುತ್ವ, ಮೊಳೆಯ ನಡುಕ ಎಲ್ಲ ಸೇರಿ ಅಂಕಿ ಹೆಚ್ಚುಕಡಿಮೆಯಾಗುತ್ತದೆ, ಫಲಿತಾಂಶ ಬದಲಾಗುವುದಿಲ್ಲ.

ಗುಂಡು ನ್ಯೂಟನ್ನನ ನಿಯಮಗಳನ್ನು ಎಲ್ಲೂ ಮೀರಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು. ಎಲ್ಲವೂ ನಿಯಮಬದ್ಧ, ಆದರೂ ಮುಂಗಾಣಲಾಗದು. ಉಬ್ಬಿದ ಅಡ್ಡಿಗಳಿಗೆ ಬಡಿಯುವ ಚೆಂಡಿನ ಈ ಸ್ವಭಾವವನ್ನು ಗಣಿತದ ಬಿಗಿಯಲ್ಲಿ ಸಾಧಿಸಿದವನು ರಷ್ಯದ ಯಾಕೊವ್ ಸಿನಾಯ್, 1970ರಲ್ಲಿ. ಅವನಿಗೆ 2014ರಲ್ಲಿ ಆಬೆಲ್ ಪ್ರಶಸ್ತಿ ಬಂತು.

ಲಘು, ಗುರು, ಎಡ, ಬಲ

ಒಂದು ಗುಂಡಿನ ದಾರಿ ತಿಳಿಯದು ಸರಿ. ಸಾವಿರ ಗುಂಡುಗಳದು? ಇಲ್ಲಿ ಬರುವವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. 1873ರಲ್ಲಿ ಅವನು ಮೊಳೆಗಳನ್ನು ಸಾಲು ಬಿಟ್ಟು ಸಾಲಿಗೆ ಅಡ್ಡಾದಿಡ್ಡಿಯಾಗಿ ಹೊಡೆದ ಒಂದು ಹಲಗೆ ಮಾಡಿಸಿ, 1874ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಉಪನ್ಯಾಸದಲ್ಲಿ ತೋರಿಸಿದ. ಮೇಲಿನಿಂದ ಸೀಸದ ಚರೆ ಸುರಿದರೆ ಕೆಳಗಿನ ಗೂಡುಗಳಲ್ಲಿ ಅವು ಗಂಟೆಯಾಕಾರದ ರಾಶಿಯಾಗಿ ನಿಲ್ಲುತ್ತವೆ. ಮಕ್ಕಳ ಬ್ಯಾಗಟೆಲ್ಲಿನಿಂದ ಸ್ಪ್ರಿಂಗು ಕಿತ್ತು, ಮೊಳೆಗಳನ್ನು ಶಿಸ್ತಿಗೆ ತಂದರೆ ಉಳಿಯುವುದು ಈ ಹಲಗೆಯೇ. ಇಷ್ಟು ಸೊಗಸಾದ ಉಪಕರಣ ಮಾಡಿದವನೇ ಮನುಷ್ಯರ ತಳಿ ಸುಧಾರಣೆಯೆಂಬ ಅಪಾಯಕಾರಿ ವಾದವನ್ನೂ ಹುಟ್ಟುಹಾಕಿದ ಎಂಬುದು ವಿಜ್ಞಾನ ಚರಿತ್ರೆಯ ಕಹಿ.

ರಾಶಿಯ ಆಕಾರ ಏಕೆ ಹಾಗೆ? ಕನ್ನಡ ಛಂದಸ್ಸಿನ ತರಗತಿಯಲ್ಲಿ ಪ್ರಸ್ತಾರ ಹಾಕಿದವರಿಗೆ ಉತ್ತರ ಅರ್ಧ ಗೊತ್ತಿದೆ. ಪ್ರತಿ ಅಕ್ಷರವೂ ಲಘು ಅಥವಾ ಗುರು. ಪ್ರತಿ ಮೊಳೆಯಲ್ಲೂ ಎಡ ಅಥವಾ ಬಲ. ಹತ್ತು ಅಕ್ಷರದ ಪಾದಕ್ಕೆ 1024 ಪ್ರಸ್ತಾರಗಳು. ಹತ್ತು ಸಾಲು ಮೊಳೆಗೆ 1024 ದಾರಿಗಳು. ಅವುಗಳಲ್ಲಿ ಹತ್ತೂ ಗುರುವಾಗಿರುವುದು ಒಂದೇ ಒಂದು. ಐದು ಲಘು, ಐದು ಗುರು ಇರುವವು 252. ಪಿಂಗಳನ ಛಂದಶ್ಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ 10ನೆಯ ಶತಮಾನದ ಹಲಾಯುಧ ಈ ಸಂಖ್ಯೆಗಳನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿ ಮೇರುಪ್ರಸ್ತಾರವೆಂದು ಕರೆದ. ಅದಕ್ಕೂ ಒಂದು ಶತಮಾನ ಮೊದಲು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ, 'ಗಣಿತಸಾರಸಂಗ್ರಹ'ದಲ್ಲಿ, ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದ. ಶಾಲೆಯಲ್ಲಿ ನಾವು ಇದನ್ನು ಪ್ಯಾಸ್ಕಲನ ತ್ರಿಕೋನವೆಂದು ಕಲಿಸುತ್ತೇವೆ. ಕಲಿಸಲಿ, ಮಳಖೇಡದ ಕಡೆಗೂ ಒಮ್ಮೆ ಬೆರಳು ತೋರಿಸಿದರೆ ನಷ್ಟವಿಲ್ಲ.

ಹತ್ತು ಸಾಲಿನ ಇಂಥ ಹಲಗೆಯ ಕೆಳಗೆ ಹನ್ನೊಂದು ಗೂಡುಗಳಿರುತ್ತವೆ. ನಡುವಿನ ಮೂರಕ್ಕೆ ಸೇರುವುದು 1024ರಲ್ಲಿ 672 ದಾರಿಗಳು, ಸುಮಾರು ಮೂರರಲ್ಲಿ ಎರಡು ಪಾಲು. ಎರಡು ತುದಿಯ ಗೂಡುಗಳಿಗೆ ಒಂದೊಂದೇ ದಾರಿ. ಈಗ ಆಟಿಕೆ ತಯಾರಕನ ಜಾಣತನ ನೋಡಿ. ತುದಿಯ ಗೂಡುಗಳಿಗೆ ಒಂದೊಂದು ಸಾವಿರ ಅಂಕ, ನಟ್ಟನಡುವಿನದಕ್ಕೆ ಬರೀ ಹತ್ತು ಅಂಕ ಎಂದು ಬರೆದರೆ ಯಾವುದು ಉದಾರ ಎನ್ನಿಸುತ್ತದೆ? ಸರಾಸರಿ ಲೆಕ್ಕದಲ್ಲಿ, ಒಂದು ಗುಂಡಿಗೆ ಎರಡು ತುದಿಗಳೂ ಸೇರಿ ತಂದುಕೊಡುವುದು ಎರಡು ಅಂಕಕ್ಕಿಂತ ತುಸು ಕಡಿಮೆ. ನಡುವಿನ ಬಡಪಾಯಿ ಗೂಡು ತಂದುಕೊಡುವುದು ಸುಮಾರು ಎರಡೂವರೆ. ದೊಡ್ಡ ಅಕ್ಷರದ 1000 ಕಣ್ಣನ್ನು ಸೆಳೆಯುತ್ತದೆ, 252 ದಾರಿಗಳು ಕಣ್ಣಿಗೆ ಕಾಣುವುದಿಲ್ಲ. ಲಾಟರಿಯ ಅಂಗಡಿಯ ಫಲಕಕ್ಕೂ ಇದೇ ಗಣಿತ.

ರೆಕ್ಕೆ ಬಂದ ಮೇಲೆ

ಬರೀ ಮೊಳೆಯ ಹಲಗೆ ಜೂಜಿಗೆ ಹೇಳಿ ಮಾಡಿಸಿದಂತಿರುವುದು ಈಗ ಸ್ಪಷ್ಟವಾಗುತ್ತದೆ. ಮೂರನೆಯ ಮೊಳೆಯ ಹೊತ್ತಿಗೆ ಕೌಶಲ ಕರಗಿಹೋಗುತ್ತದೆ. ನ್ಯೂಯಾರ್ಕಿನ ಮೇಯರ್ ಲಾ ಗ್ವಾರ್ಡಿಯ 1942ರ ಜನವರಿಯಲ್ಲಿ ಪಿನ್‌ಬಾಲನ್ನು ನಿಷೇಧಿಸಿ, ವಶಪಡಿಸಿಕೊಂಡ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದ. ಅವನ ನಾಟಕೀಯತೆ ಏನೇ ಇರಲಿ, ಆಗಿನ ಯಂತ್ರಗಳ ಮಟ್ಟಿಗೆ ಭೌತಶಾಸ್ತ್ರ ಅವನ ಪರವಾಗಿಯೇ ಇತ್ತು ಎನ್ನಬೇಕಾಗುತ್ತದೆ.

ಐದು ವರ್ಷಗಳ ನಂತರ ಸ್ಥಿತಿ ಬದಲಾಯಿತು. 1947ರಲ್ಲಿ ಗಾಟ್ಲೀಬ್ ಕಂಪನಿಯ ಹ್ಯಾರಿ ಮ್ಯಾಬ್ಸ್ 'ಹಂಪ್ಟಿ ಡಂಪ್ಟಿ' ಎಂಬ ಯಂತ್ರದಲ್ಲಿ ಆರು ಫ್ಲಿಪ್ಪರುಗಳನ್ನು ಇಟ್ಟ. ಗುಂಡಿ ಒತ್ತಿದರೆ ಪಟಪಟ ಬಡಿಯುವ ಈ ಪುಟ್ಟ ರೆಕ್ಕೆಗಳು ಕೆಳಗಿಳಿದ ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುತ್ತವೆ. ಮುಂದಿನ ವರ್ಷವೇ ಸ್ಟೀವ್ ಕಾರ್ಡೆಕ್ ಎರಡು ರೆಕ್ಕೆಗಳನ್ನು ಹಲಗೆಯ ಬುಡದಲ್ಲಿ ಇಟ್ಟು ಇಂದಿನ ರೂಪಕ್ಕೆ ಹತ್ತಿರ ತಂದ. ಮೊಳೆಯು ಆಟಗಾರನ ತಪ್ಪನ್ನು ಎಂಟೆಂಟು ಪಟ್ಟು ಹಿಗ್ಗಿಸುತ್ತದೆ. ರೆಕ್ಕೆಯು ಆ ಲೆಕ್ಕವನ್ನು ಅಳಿಸಿ ಹೊಸದಾಗಿ ಶುರುಮಾಡುತ್ತದೆ. ಗುಂಡು ಎಲ್ಲಿಂದಲೇ ಬರಲಿ, ಬಂದದ್ದನ್ನು ಕಣ್ಣಿನಿಂದ ನೋಡಿ ಕೈ ಮತ್ತೆ ತೀರ್ಮಾನಿಸಬಹುದು. ಒಂದೇ ತೀರ್ಮಾನದ ಆಟ ನೂರು ತೀರ್ಮಾನಗಳ ಆಟವಾಯಿತು. ಕಾನೂನು ಮಾತ್ರ ಇದನ್ನು ಗಮನಿಸಲು 1976ರವರೆಗೆ ತೆಗೆದುಕೊಂಡಿತು. ಆ ವರ್ಷ ರೋಜರ್ ಶಾರ್ಪ್ ಎಂಬ ಯುವ ಪತ್ರಕರ್ತ ನ್ಯೂಯಾರ್ಕ್ ನಗರಸಭೆಯ ಸಮಿತಿಯ ಮುಂದೆ ಯಂತ್ರ ಇಟ್ಟು ಆಡಿ ತೋರಿಸಿದ. ಸಾಲದೆಂಬಂತೆ ಕಡ್ಡಿ ಎಳೆಯುವ ಮುಂಚೆಯೇ, ಗುಂಡು ಮೇಲಿನ ನಡುವಿನ ಓಣಿಯಲ್ಲಿ ಇಳಿಯುತ್ತದೆಂದು ಹೇಳಿದ. ಇಳಿಯಿತು. ನಿಷೇಧ ಹೋಯಿತು. ಆ ಕೊನೆಯ ಹೊಡೆತದಲ್ಲಿ ಅದೃಷ್ಟವೂ ಇತ್ತೆಂದು ಮುಂದೆ ಅವನೇ ಹೇಳಿಕೊಂಡಿದ್ದಾನೆ. ಹೊಡೆತ ಸ್ಪ್ರಿಂಗಿನದಾದ್ದರಿಂದ ಆ ಮಾತನ್ನು ನಂಬಬಹುದು.

ಮೇಜಿನ ಆಟಿಕೆಗೂ ರೆಕ್ಕೆ ಬಂತು. ಜಪಾನಿನ ಟೋಮಿ ಕಂಪನಿ 1979ರಲ್ಲಿ ತಂದ ಬ್ಯಾಟರಿಯ 'ಅಟಾಮಿಕ್' ಪಿನ್‌ಬಾಲ್ ಪ್ಲಾಸ್ಟಿಕ್ ಆಟಿಕೆಗಳಲ್ಲಿ ಸಂಗ್ರಾಹಕರ ಅಚ್ಚುಮೆಚ್ಚು.

ಬೆಂಗಳೂರಿನ ಪ್ರಶ್ನೆಗಳು

ನಮ್ಮ ನ್ಯಾಯಾಲಯಗಳೂ ಇದೇ ಗಂಟನ್ನು ಬಿಡಿಸಲು ಹೆಣಗಿವೆ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ವಾರಪತ್ರಿಕೆ ಪದಬಂಧದ ಬಹುಮಾನ ಸ್ಪರ್ಧೆ ನಡೆಸುತ್ತಿತ್ತು; ಓದುಗರು ಬಹಳಷ್ಟು ಮಂದಿ ಮುಂಬಯಿ ರಾಜ್ಯದವರು. ಆ ಮೊಕದ್ದಮೆಯಲ್ಲಿ 1957ರಲ್ಲಿ ಸುಪ್ರೀಂ ಕೋರ್ಟ್ ಜೂಜನ್ನು ವ್ಯಾಪಾರವೆಂದು ಸಂವಿಧಾನ ರಕ್ಷಿಸುವುದಿಲ್ಲ ಎಂದಿತು. ಗೆಲುವು ಗಣನೀಯ ಮಟ್ಟಿಗೆ ಕೌಶಲವನ್ನು ಅವಲಂಬಿಸಿದೆಯೇ ಎಂಬುದೇ ಅಂದಿನಿಂದ ಒರೆಗಲ್ಲು. 1963ರ ಕರ್ನಾಟಕ ಪೊಲೀಸ್ ಕಾಯಿದೆಯ 176ನೆಯ ಕಲಮು ಕೌಶಲದ ಆಟಗಳಿಗೆ ಕೊಟ್ಟ ವಿನಾಯಿತಿಯೂ ಈ ಸಾಲಿಗೆ ಸೇರಿದ್ದು. 1995ರಲ್ಲಿ ಎಂ. ಜೆ. ಶಿವಾನಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ ಬೆಂಗಳೂರಿನ ವಿಡಿಯೋ ಗೇಮ್ ಅಂಗಡಿಗಳು ಪರವಾನಗಿ ಪಡೆಯಲೇಬೇಕು ಎಂದು ತೀರ್ಪಾಯಿತು. ಬರೀ ಕೌಶಲದ ಆಟವೆಂಬುದೇ ಇಲ್ಲ, ಎಲ್ಲದರಲ್ಲೂ ಅದೃಷ್ಟಕ್ಕೆ ಪಾಲಿದೆ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿ ಬರುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿ ಇಲ್ಲಿ ಒಂದು ತಿದ್ದುಪಡಿ ಸೂಚಿಸಬಹುದು: ಪಾಲು ಎಷ್ಟು ಎಂಬುದನ್ನು ಅಳೆಯಬಹುದು, ಎಷ್ಟು ಸಲ ಆಡಿದ ಮೇಲೆ ನುರಿತವನು ಹೊಸಬನಿಗಿಂತ ಮುಂದಿರುತ್ತಾನೆ ಎಂದು ಎಣಿಸಿ.

ಮುಂದೆ ಆಟ ಮೊಬೈಲಿಗೆ ಬಂತು. ಹಣ ಒಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿತು. 2022ರ ಫೆಬ್ರವರಿಯಲ್ಲಿ ರಾಜ್ಯ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ, ಕೌಶಲವೋ ಅದೃಷ್ಟವೋ ಎಂದು ಕೇಳುವುದನ್ನೇ ಬಿಟ್ಟು, ಹಣ ಒಡ್ಡುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸಿತು. 'ಇದು ಕೌಶಲದ ಆಟ' ಎಂಬ ಜಾಹೀರಾತನ್ನು ನಂಬಿ ಮನೆಯ ಹಣ ಕಳೆದುಕೊಂಡ ಎಳೆಯರ ಸುದ್ದಿಗಳನ್ನು ನಮ್ಮ ಜಿಲ್ಲೆಗಳಲ್ಲೂ ಓದಿದ್ದೇವೆ. ತೆರೆಯ ಮೇಲಿನ ಆಟದಲ್ಲಿ ಮೊಳೆಗಳು ಕಾಣುವುದಿಲ್ಲ. ಹಲಗೆಯ ಆಟದಲ್ಲಿ ಎಲ್ಲ ಮೊಳೆಗಳೂ ಕಣ್ಣೆದುರಿಗಿವೆ, ಎಣಿಸಬಹುದು. ಹಳೆಯ ಹಲಗೆ ತರಗತಿಗೆ ಬೇಕಾದದ್ದು ಇದಕ್ಕೇ.

ಸಿಕ್ಕಿದರೆ ಏನು ಮಾಡಬೇಕು

ಹಲಗೆ ಸಿಕ್ಕ ಕೂಡಲೇ ಉಜ್ಜಿ ತೊಳೆಯುವ ಚಪಲ ಬರುತ್ತದೆ. ತಡೆಯಿರಿ. ಮೊದಲು ಅಡಿಪಟ್ಟಿಯನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆಯಿರಿ. ತಗಡಿನ ಮೇಲಿನ ಅಚ್ಚಿನ ಬಣ್ಣ ಸ್ಪಿರಿಟ್ಟಿಗೆ, ಸೋಪಿನ ನೀರಿಗೆ ಕಿತ್ತುಬಂದೀತು. ಬರೀ ತೇವದ ಬಟ್ಟೆಯಿಂದ ಒರೆಸಿ ಕೂಡಲೇ ಒಣಗಿಸಿದರೆ ಸಾಕು. ರಟ್ಟು, ಹಾರ್ಡ್‌ಬೋರ್ಡಿನ ಹಲಗೆ ಮಳೆಗಾಲದಲ್ಲಿ ಉಬ್ಬುತ್ತದೆ, ಗೋಡೆಗೆ ಒರಗಿಸದೆ ಮಟ್ಟಸವಾಗಿ ಮಲಗಿಸಿಡಿ. ಸ್ಪ್ರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಬ್ಯಾಟರಿಯ ಆಟಿಕೆಯಾದರೆ ಸೆಲ್ಲುಗಳನ್ನು ಒಳಗೆ ಬಿಡಬೇಡಿ, ಸೋರಿದ ರಸ ತಾಮ್ರದ ಪಟ್ಟಿಗಳನ್ನು ತಿಂದುಹಾಕುತ್ತದೆ. ಗುಂಡು ಕಳೆದಿದ್ದರೆ ಸೈಕಲ್ ಅಂಗಡಿಯ ಬೇರಿಂಗ್ ಗುಂಡು ಆದೀತು. ಗಾತ್ರ ಮಾತ್ರ ಗೂಡಿನ ಬಾಯಿಗೆ ಹೊಂದಬೇಕು.

ಹಲಗೆಯ ಕಾಲವನ್ನು ಊಹಿಸಲು ವಸ್ತುವೇ ದಾರಿ. ಮರ ಮತ್ತು ಹಿತ್ತಾಳೆ ಮೊಳೆ ಸಾಮಾನ್ಯವಾಗಿ ಹಳೆಯದು, ಅಚ್ಚಿನ ತಗಡು ನಡುವಿನದು, ಪ್ಲಾಸ್ಟಿಕ್ ಈಚಿನದು. ಇದರಲ್ಲಿ ಮೋಸಹೋಗುವ ಸಂಭವವೂ ಉಂಟು, ಏಕೆಂದರೆ ಊರಿನ ಬಡಗಿ ಹಳೆಯ ಮಾದರಿ ನೋಡಿ ಹೊಸದನ್ನು ಮಾಡಿಕೊಟ್ಟಿರಬಹುದು. ಅಂಥದ್ದನ್ನು ನಕಲು ಎಂದು ತಳ್ಳಬಾರದು, ನಮ್ಮ ಮಟ್ಟಿಗೆ ಅದೇ ಹೆಚ್ಚು ಬೆಲೆಯದು.

ಬಾಗಿದ ಮೊಳೆಗಳ ವಿಷಯ ಕೊನೆಯದು. ಸುತ್ತಿಗೆ ಹಿಡಿದು ನೆಟ್ಟಗೆ ಮಾಡಲು ಹೊರಡಬೇಡಿ. ಜಪಾನಿನ ಪಚಿಂಕೊ ಅಂಗಡಿಗಳಲ್ಲಿ ಮೊಳೆಗಳನ್ನು ಕೂದಲೆಳೆಯಷ್ಟು ಬಾಗಿಸಿ ಗೆಲುವಿನ ಪ್ರಮಾಣವನ್ನು ಏರಿಳಿಸುವುದೇ ಒಂದು ಕಸುಬಾಗಿತ್ತು. ನಿಮ್ಮ ಹಲಗೆಯ 500ರ ಗೂಡಿನ ಮೇಲಿರುವ ಮೊಳೆ ತಾನಾಗಿ ಬಾಗಿತೋ, ಹಿಂದೆ ಆಡಿದ ಯಾರೋ ಬಾಗಿಸಿದರೋ? ಸ್ಪ್ರಿಂಗನ್ನು ಬಿಟ್ಟು, ಗುಂಡನ್ನು ಆ ಮೊಳೆಯ ನೇರ ಮೇಲಿನಿಂದ ಕೈಯಲ್ಲೇ ನೂರು ಸಲ ಬಿಡಿ. ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಬರೆದುಕೊಳ್ಳಿ. ನೆಟ್ಟಗಿರುವ ಮೊಳೆಯಾದರೆ ನೂರರಲ್ಲಿ ಐವತ್ತರ ಆಸುಪಾಸು, ಹತ್ತು ಹೆಚ್ಚು ಅಥವಾ ಹತ್ತು ಕಡಿಮೆ ಬಂದರೂ ಆಕಸ್ಮಿಕವೆನ್ನಬಹುದು. ಅರುವತ್ತೈದು ದಾಟಿದರೆ ಮೊಳೆಯನ್ನು ಸಂಶಯಿಸಿ. ಪಕ್ಕದ ನೆಟ್ಟಗಿನ ಮೊಳೆಯ ಮೇಲೂ ಅದೇ ನೂರು ಸಲ ಬಿಟ್ಟು ಹೋಲಿಸಿ, ಎರಡೂ ಅಂಕಿಗಳನ್ನು ಹಲಗೆಯ ಬೆನ್ನಿಗೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿ, ದಿನಾಂಕ ಹಾಕಿ.